ಲೇತ್ ಮುಂದೆ ಒಬ್ಬೊಬ್ಬರೇ

ಬೆಳಕು ಹರಿಯುವ ಹೊತ್ತಿಗೆ ಮಕ್ಬೂಲ್ ಬ್ರಷ್ ಹಿಡಿಯುತ್ತಾರೆ. ಲೋಹ ಕಡೆಯುವ ಲೇತ್ ಯಂತ್ರದ ಸಂದಿಯಲ್ಲಿ ಸಿಕ್ಕಿದ ಉಕ್ಕಿನ ಸುರುಳಿಗಳನ್ನು ಎಳೆದು ಡಬ್ಬಿಗೆ ಹಾಕುತ್ತಾರೆ. ಹಳೆಯ ಬನಿಯನ್ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಿಡುತ್ತಾರೆ. ರಾಮನಗರದಿಂದ ಕನಕಪುರಕ್ಕೆ ಹೋಗುವ ದಾರಿಯ ಈ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆ ಹೊತ್ತಿಗೆ ಅವರನ್ನು ಬಿಟ್ಟರೆ ಗೇಟಿನ ಕಾವಲುಗಾರನೊಬ್ಬನೇ.

ಚನ್ನಪಟ್ಟಣದ ಬೊಂಬೆ ಕಡೆಯುವ ಮನೆಯಲ್ಲಿ ಹುಟ್ಟಿದವರು. ಅರಗಿನ ವಾಸನೆಯಲ್ಲೇ ಬೆಳೆದು, ಐಟಿಐ ಮುಗಿಸಿ, ಇಲ್ಲಿ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಆಗಿದ್ದಾರೆ. ಮರದ ಜಾಗಕ್ಕೆ ಉಕ್ಕು ಬಂದಿದೆ, ಅಷ್ಟೆ. "ಅಬ್ಬಾ ಕೈ ಹಿಡ್ದು ಕಲಿಸಿದ್ರು. ದೂರ ನಿಂತು ನೋಡ್ಕೋ ಅಂತ ಯಾವತ್ತೂ ಅನ್ಲಿಲ್ಲ," ಎಂದು ತಂದೆಯನ್ನು ನೆನೆಯುತ್ತಾರೆ.

ಪ್ರತಿ ಕೋರ್ಸು ಮುಗಿದಾಗ, ಕಲಿಸುತ್ತೇವೆಂದು ಹೇಳಿದ್ದನ್ನು ಎಷ್ಟು ಮಕ್ಕಳು ನಿಜಕ್ಕೂ ಕಲಿತರು ಎಂದು ವಿಭಾಗದವರು ಲೆಕ್ಕ ಹಾಕಬೇಕು. ಮಕ್ಬೂಲರ ಪಾಲಿಗೆ ಬರುವುದು ಒಂದೇ ಸಾಲು: ಕೊಟ್ಟ ಅಳತೆಗೆ ಉಕ್ಕಿನ ತುಂಡನ್ನು ವಿದ್ಯಾರ್ಥಿ ತಾನೇ ಕಡೆಯಬಲ್ಲ. ವರ್ಷವರ್ಷವೂ ಈ ಸಾಲಿಗೆ ನೂರಕ್ಕೆ ನೂರು. ಒಂದು ಯಂತ್ರಕ್ಕೆ ನಾಲ್ವರು; ಕಡೆಯುವವನು ಒಬ್ಬ, ಅಂಕ ನಾಲ್ವರಿಗೂ. ಅದೂ ಆಗದಿದ್ದರೆ ಸೀನಿಯರ್‌ಗಳು ಬಿಟ್ಟುಹೋದ ತುಂಡಿಗೆ ಎಮರಿ ಕಾಗದ ಉಜ್ಜಿ ಹೊಸದೆಂದು ಕೊಡುವುದು.

ಈ ಸಲ ಪಾಠ ಮಾಡುವ ಜ್ಯೋತಿಲಕ್ಷ್ಮಿ ಮೇಡಂ, ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡೋಣವೇ ಎಂದು ಕೇಳಿದ್ದಾರೆ. ಮಕ್ಬೂಲ್ ಖುಷಿಯಿಂದ ಒಪ್ಪಿದ್ದಾರೆ. ಹಳೆಯದು ನುಸುಳದಂತೆ ಪ್ರತಿ ತುಂಡಿಗೂ ಅವರೇ ನಂಬರ್ ಹೊಡೆದು ಕೊಡುತ್ತಾರೆ. ಕೋಡಿಹಳ್ಳಿಯ ರಮ್ಯಾ ಯಂತ್ರದ ಮುಂದೆ ಬಂದವಳು ಕೈ ಕಟ್ಟಿ ನಿಲ್ಲುತ್ತಾಳೆ.

"ಅಣ್ಣ, ಇಷ್ಟ್ ದಿನ ಮದ್ವೆ ಫೋಟೋಗೆ ನಿಂತಂಗೆ ನಿಂತಿವ್ನಿ. ಮುಟ್ಟೇ ಇಲ್ಲ."

"ಹಂಗಾದ್ರೆ ಇವತ್ತು ಹೆಣ್ಣು ನೀನೇ ಕಣಮ್ಮ, ಮುಂದಕ್ಕೆ ಬಾ," ಎಂದು ಮಕ್ಬೂಲ್ ನಗುತ್ತಾರೆ. ಮೊದಲ ತುಂಡು ಕೆಡುತ್ತದೆ, ಎರಡನೆಯದೂ ಕೆಡುತ್ತದೆ. ಮೂರನೆಯದು ಅಳತೆಗೆ ಬಂದಾಗ ಅವಳು ಅದನ್ನು ಕೆಳಗಿಡುವುದೇ ಇಲ್ಲ, ಬಿಸಿಯಿದ್ದರೂ ದುಪಟ್ಟಾದಲ್ಲಿ ಸುತ್ತಿ ಹಿಡಿದುಕೊಳ್ಳುತ್ತಾಳೆ.

ಎಲ್ಲರಿಗೂ ಹಾಗಾಗುವುದಿಲ್ಲ. ಸೆಮಿಸ್ಟರ್ ಮುಗಿದಾಗ ಅರ್ಧಕ್ಕಿಂತ ಕಡಿಮೆ ಮಂದಿಯಷ್ಟೇ ಗೆದ್ದಿದ್ದಾರೆ. ವಿಭಾಗದ ಗುರಿ ಮುಟ್ಟಿಲ್ಲ, ಈ ಲೆಕ್ಕ ನೋಡಿ ಮಾನ್ಯತೆ ಕೊಡುವ ಹೊರಗಿನ ಪರಿಶೀಲನಾ ತಂಡ ಬರುವ ದಿನ ಹತ್ತಿರವಿದೆ. ಲೆಕ್ಕ ಒಪ್ಪಿಸುವ ಸಭೆಯಲ್ಲಿ ವಿಭಾಗದ ಮುಖ್ಯಸ್ಥ ಸಿದ್ಧಾರ್ಥ ದನಿ ಏರಿಸುವುದಿಲ್ಲ. ಬರವಣಿಗೆಯ ಪರೀಕ್ಷೆಯ ಅಂಕವನ್ನೂ ಸೇರಿಸಿದರೆ ಈ ಸಾಲು ಗುರಿ ದಾಟುತ್ತದೆ, ಹಾಗೆ ಮಾಡೋಣವೇ ಎಂದು ಮೆಲ್ಲಗೆ ಕೇಳುತ್ತಾರೆ. ಹಾಗೆ ಮಾಡಿದರೆ ಎಲ್ಲರೂ ಕಲಿತವರೆಂದೇ ಲೆಕ್ಕ. ಬಾರದವರು ಮತ್ತೆ ಲೇತ್ ಹತ್ತಿರ ಬರುವ ಪ್ರಶ್ನೆಯೇ ಇಲ್ಲ. ಮೇಡಂ ಪೆನ್ನು ಮುಚ್ಚಿ ಮಕ್ಬೂಲರ ಕಡೆ ನೋಡುತ್ತಾರೆ.

ಇಷ್ಟು ಮಂದಿ ಸೋತದ್ದಕ್ಕೆ ಬೇಸರವಾಯಿತೇ ಎಂದರೆ ಇಲ್ಲ ಎನ್ನುತ್ತಾರೆ ಮಕ್ಬೂಲ್. ಇಷ್ಟು ವರ್ಷದಲ್ಲಿ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ತಿಳಿದದ್ದು ಇದೇ ಮೊದಲಂತೆ. ಸಭೆಯಲ್ಲಿ ಬಾಗಿಲ ಬಳಿಯ ಕುರ್ಚಿಯಿಂದ ಎದ್ದು ಅವರು ಕೇಳಿದ್ದು ಇಷ್ಟೇ:

"ಸಾರ್, ಬಂದಿರೋ ಲೆಕ್ಕ ಹಂಗೇ ಇರ್ಲಿ. ರಜದಾಗೆ ಒಂದು ವಾರ ಲ್ಯಾಬ್ ತೆಗ್ಸಿಕೊಡಿ. ಉಳಿದೋರಿಗೆ ನಾನು ಕಲಿಸ್ತೀನಿ."

ಮೇಡಂ ಮುಚ್ಚಿದ ಪೆನ್ನನ್ನು ಮತ್ತೆ ತೆರೆದು, ಬಾರದವರ ಹೆಸರುಗಳನ್ನು ಒಂದೊಂದಾಗಿ ಬರೆಯತೊಡಗುತ್ತಾರೆ.