ಇತ್ತ ನಾವೆಲ್ಲರೂ ಕ್ಷೇಮ

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಯಲ್ಲಿ ಗೆದ್ದ ನಮ್ಮ ಎಮ್ಮೆಲ್ಲೆ ಚಿತ್ರಲಿಂಗಪ್ಪನವರಿಗೆ ಭಾಷಣ ಬರುತ್ತಿತ್ತು, ಬರವಣಿಗೆ ಬರುತ್ತಿರಲಿಲ್ಲ. ಮನೆಯ ಕಾಗದ, ಸರ್ಕಾರದ ಕಾಗದ ಎರಡನ್ನೂ ದುರ್ಗದ ಅವರ ಮನೆಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದವನು ನನ್ನ ಸೋದರಮಾವ ಪಾಲಯ್ಯ. ದುಂಡಗಿನ ಅಕ್ಷರ, ಮೂಗಿನ ತುದಿಯಲ್ಲೇ ಕೋಪ. ಯಾರಿಗೆ ಬರೆದರೂ 'ಇತ್ತ ನಾವೆಲ್ಲರೂ ಕ್ಷೇಮ' ಎಂಬುದೇ ಅವನ ಒಕ್ಕಣೆ.

ತುರುವನೂರಿನ ಆಚೆಯ ನಮ್ಮ ಹಳ್ಳಿಗೆ ಆಸ್ಪತ್ರೆ ಬೇಕೆಂದು ಬರೆದದ್ದೂ ಹಾಗೆಯೇ. ಬೆಂಗಳೂರಿನ ಅಧಿಕಾರಿಯೊಬ್ಬರಿಂದ ಉತ್ತರ ಬಂತು: 'ತಾವೆಲ್ಲರೂ ಕ್ಷೇಮವೆಂದು ತಿಳಿದು ಸಂತೋಷವಾಯಿತು. ಆದ್ದರಿಂದ ಸದ್ಯಕ್ಕೆ ಆಸ್ಪತ್ರೆಯ ಅಗತ್ಯ ಕಾಣುವುದಿಲ್ಲ.'

ಚಿತ್ರಲಿಂಗಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಸಲ ಯಾರೂ ಕ್ಷೇಮ ಇಲ್ಲ ಅಂತ ಬರಿಯಪ್ಪ."

ಮಾವ ಪೆನ್ನು ಕೆಳಗಿಟ್ಟ. "ಊರಿಗೇ ಶಾಪ ಹಾಕಿದಂಗಾಗ್ತೈತೆ. ನಾನು ಬರಿಯಲ್ಲ. ಬೇಕಾದ್ರೆ ನೀವೇ ಬರ್ಕಳ್ರಿ."

ಅವರು ಬರೆಯುವುದುಂಟೇ! ಕೊನೆಗೆ ಮಾವನೇ ಪೆನ್ನೆತ್ತಿ, 'ಆಸ್ಪತ್ರೆ ಕೊಟ್ಟರೆ ನಾವೆಲ್ಲರೂ ಇನ್ನಷ್ಟು ಕ್ಷೇಮ' ಎಂದು ಬರೆದ. ಆಸ್ಪತ್ರೆ ಬಂತು.

ಎಷ್ಟೋ ವರ್ಷಗಳ ಮೇಲೆ, ಜ್ವರದಿಂದ ಮೈ ಕೆಂಡದಂತೆ ಸುಡುತ್ತಿದ್ದ ಮಾವನನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. "ಹೆಂಗಿದೀರಿ ಅಜ್ಜಾರೆ?" ಎಂದು ಡಾಕ್ಟರು ಕೇಳಿದರು.

"ನಾನು ಕ್ಷೇಮ," ಎಂದ ಮಾವ.

ಡಾಕ್ಟರು ನನ್ನ ಮುಖ ನೋಡಿದರು. "ಅದು ಬರೀ ಒಕ್ಕಣೆ ಕಣ್ರೀ," ಎಂದೆ ನಾನು, "ನೀವು ಸೂಜಿ ಚುಚ್ರಿ."