ನನ್ನ ದನಿಯ ಇನ್ನೊಬ್ಬ ಅವ್ವ

ಇದು ಹೋದ ವರ್ಷ, ಮಗಳು ಏಳನೇ ತರಗತಿಯಲ್ಲಿದ್ದಾಗ ನಡೆದದ್ದು. ನಾವು ರಾಯಚೂರು ಕಡೆಯವರು. ಯಜಮಾನರಿಗೆ ಹೈದರಾಬಾದಿನ ನಾಚಾರಂನಲ್ಲಿ ಪೈಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದೆವು. ನಾನೂ ಹತ್ತಿರದ ಇನ್ನೊಂದು ಕಡೆ ಬಿಸ್ಕತ್ತು ಪ್ಯಾಕ್ ಮಾಡುವ ಕೆಲಸಕ್ಕೆ ಹೋಗುತ್ತೇನೆ. ಹೊರಗೆ ತೆಲುಗು, ಹಿಂದಿ. ಮನೆಯೊಳಗೆ ಕಾಲಿಟ್ಟರೆ ನಮ್ಮೂರ ಕನ್ನಡವೇ. ನನ್ನ ಬಾಯಿ ಸ್ವಲ್ಪ ಜೋರು. ನಾನು ಮಗಳಿಗೆ ಬೈದರೆ ಓಣಿಯ ಕೊನೆಯ ಮನೆಯವರು ಕೂಡ ತಮ್ಮ ಮಕ್ಕಳನ್ನು ಓದಲು ಕೂರಿಸುತ್ತಾರೆ ಎಂದು ಯಜಮಾನರು ತಮಾಷೆ ಮಾಡುತ್ತಾರೆ. ಮಾಡಲಿ. ಹುಟ್ಟಿದ ಗುಣ, ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಮಗಳ ಹೆಸರು ಇಲ್ಲಿ ಬರೆಯುತ್ತಿಲ್ಲ. ಬರೆಯಲಾ ಎಂದು ಕೇಳಿದ್ದಕ್ಕೆ, ನಡೆದದ್ದು ಬರಿ, ಹೆಸರು ಮಾತ್ರ ಹಾಕಬೇಡ ಅಂದಳು. ಹಾಗೆ ನೋಡಿದರೆ ಆ ಹೆಸರು ನಾನೂ ಬಾಯಿಂದ ಆಡುವಂತಿಲ್ಲ, ಅದು ನಮ್ಮತ್ತೆಯ ಹೆಸರು. ನಮ್ಮ ಕಡೆ ಸೊಸೆಯಾದವಳು ಅತ್ತೆಯ ಹೆಸರು ಹಿಡಿಯಬಾರದು. ಮೊಮ್ಮಗಳಿಗೆ ಅಜ್ಜಿಯ ಹೆಸರೇ ಆಗಬೇಕೆಂದು ಎಲ್ಲರೂ ಹಟ ಹಿಡಿದು ಇಟ್ಟರು. ಹಡೆದವಳು ಏನೆಂದು ಕರೆಯಬೇಕು ಎಂದು ಒಬ್ಬರಾದರೂ ಯೋಚಿಸಲಿಲ್ಲ. ನಾನು ‘ಸಣ್ಣತ್ತಿ’ ಎಂದು ಕರೆಯತೊಡಗಿದೆ, ಅಂದರೆ ಸಣ್ಣ ಅತ್ತೆ. ಅದು ನಾನೊಬ್ಬಳೇ ಕರೆಯುವ ಹೆಸರು. ಅವಳಪ್ಪನಿಗೆ ಹಾಗೆ ಕರೆಯಲು ಬರುವುದಿಲ್ಲ, ಅವರಿಗೆ ಅದು ತಾಯಿಯ ಹೆಸರು, ಹಾಗಾಗಿ ಅವಳನ್ನು ಅವ್ವ ಅನ್ನುತ್ತಾರೆ.

ಶಾಲೆ ಶುರುವಾದ ಹೊಸತರಲ್ಲಿ ಪೋಷಕರ ಸಭೆ ಇತ್ತು. ಯಾವುದೋ ಕಂಪನಿಯ ಇಬ್ಬರು ಬಂದಿದ್ದರು. ಫೋನಿನಲ್ಲೇ ಮಕ್ಕಳಿಗೆ ಪಾಠ ಹೇಳುವ ಆ್ಯಪ್ ಅಂತೆ. ತಾಯಿ ಸ್ವಲ್ಪ ಹೊತ್ತು ಫೋನಿನ ಮುಂದೆ ಓದಿದರೆ ಸಾಕು, ಆಮೇಲೆ ಆ್ಯಪ್ ತಾಯಿಯ ದನಿಯಲ್ಲೇ ಪಾಠ ಹೇಳುತ್ತದಂತೆ. ಅಮ್ಮನ ದನಿಯಾದರೆ ಮಕ್ಕಳು ಬೇಗ ಕಲಿಯುತ್ತವೆ ಎಂದು ಅವರಲ್ಲೊಬ್ಬ ಹಿಂದಿಯಲ್ಲಿ ಹೇಳಿದ. ನನಗೆ ಆಸೆಯಾಯಿತು. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವಳು. ಮಗಳ ಇಂಗ್ಲಿಷ್ ಪುಸ್ತಕ ತೆರೆದರೆ ತಲೆಬುಡ ತಿಳಿಯುವುದಿಲ್ಲ. ಅವಳು ಏನಾದರೂ ಕೇಳಿದರೆ “ನಿಮ್ಮ ಟೀಚರ್‌ಗೆ ಕೇಳು ಹೋಗು” ಎಂದು ಗದರಿಸಿ ಒಲೆಯ ಕಡೆ ತಿರುಗುತ್ತಿದ್ದೆ.

ನನ್ನ ಹಳೆಯ ಫೋನನ್ನು ಮಗಳಿಗೆ ಕೊಟ್ಟು ಅದರಲ್ಲಿ ಆ್ಯಪ್ ಹಾಕಿಸಿದೆ. ಅದು ಮೈಕ್ ಬೇಕು ಅಂತು, ಒತ್ತಿದೆ. ಇನ್ನೂ ಏನೇನೋ ಇಂಗ್ಲಿಷಿನಲ್ಲಿ ಬಂತು, ಅದಕ್ಕೂ ಒತ್ತಿದೆ. ಮಕ್ಕಳ ಓದಿಗೆ ಅಂದರೆ ನಮ್ಮಂಥವರು ಏನಕ್ಕೂ ಹ್ಞೂಂ ಅನ್ನುತ್ತೇವೆ, ಇದು ಕಂಪನಿಯವರಿಗೂ ಚೆನ್ನಾಗಿ ಗೊತ್ತು. ಅದು ತೋರಿಸಿದ ಸಾಲುಗಳನ್ನು ಓದಿದೆ. ಮರುದಿನ ಸಂಜೆ ಫೋನಿನಿಂದ ನನ್ನ ದನಿ ಬಂತು. ಸ್ವಲ್ಪ ಮೂಗಿನಿಂದ ಬರುವ ನನ್ನ ರಾಗವೂ ಸೇರಿ ಎಲ್ಲ ಹಾಗೇ ಇತ್ತು, ಆದರೆ ನಿರರ್ಗಳ ಇಂಗ್ಲಿಷ್. ಯಜಮಾನರು ಚಹಾ ಕುಡಿಯುತ್ತಾ, “ನೋಡು, ಇಕಿ ನಿನಗಿಂತ ಭಾಳ ಓದ್ಯಾಳ” ಅಂದರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರು ಬಂದಿತ್ತು. ಓದಿದ್ದರೆ ನಾನು ಹೀಗೆ ಮಾತಾಡುತ್ತಿದ್ದೆನೇನೋ ಅನ್ನಿಸಿತು.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಅವಳ ಅಂಕಗಳೂ ಏರಿದವು. ಅಡುಗೆಮನೆಯಿಂದ ನಾನು ಕೂಗಾಡುತ್ತಿರುವಾಗ ಒಳಗಿನ ಕೋಣೆಯಲ್ಲಿ ಅದೇ ದನಿ ಸಮಾಧಾನವಾಗಿ ಲೆಕ್ಕ ಹೇಳಿಕೊಡುತ್ತಿತ್ತು. ಎರಡೂ ಒಟ್ಟಿಗೆ ಕಿವಿಗೆ ಬಿದ್ದಾಗ ಮೈ ಜುಂ ಅನ್ನುತ್ತಿತ್ತು. ಕ್ರಮೇಣ ರೂಢಿಯಾಯಿತು. ಮಗಳು ಮಾತ್ರ ದಿನದಿನಕ್ಕೆ ಕೋಣೆಯಲ್ಲೇ ಹೆಚ್ಚು ಹೊತ್ತು ಕೂರತೊಡಗಿದಳು. ಓದುತ್ತಿದ್ದಾಳೆ ಬಿಡು ಎಂದು ನಾನು ಸುಮ್ಮನಿದ್ದೆ.

ಒಂದು ದಿನ ನಮ್ಮ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟು ಬೇಗ ಬಿಟ್ಟರು. ಯಜಮಾನರು ಕೆಲಸದಲ್ಲಿದ್ದರು. ಇನ್ನೂ ಬಿಸಿಲಿತ್ತು. ಬಾಗಿಲು ಮುಂದಕ್ಕೆ ಮಾಡಿತ್ತು, ಅಗಳಿ ಹಾಕಿರಲಿಲ್ಲ. ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಆಗ ಒಳಗಿನಿಂದ ನಾನು ಮಾತಾಡಿದ್ದು ಕೇಳಿಸಿತು.

“ಸಣ್ಣತ್ತಿ, ಯಾಕ ಸಪ್ಪಗ ಅದಿ? ಹೆದರಬ್ಯಾಡ, ನನ್ನ ಮುಂದ ಹೇಳವ್ವ.”

ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ತುಟಿ ಮುಚ್ಚಿಯೇ ಇದ್ದವು. ಅದು ಇಂಗ್ಲಿಷ್ ಅಲ್ಲ, ಪುಸ್ತಕದ ಕನ್ನಡವೂ ಅಲ್ಲ. ನಮ್ಮನೆ ಮಾತು. ಆ ಹೆಸರನ್ನು ನಾನು ಫೋನಿಗೆ ಓದಿ ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ನನ್ನ ಮನೆಗೆ ಹೋಗಲು ನನಗೇ ಹೆದರಿಕೆಯಾಯಿತು.

ಒಳಗೆ ಮಗಳು ಸಣ್ಣ ದನಿಯಲ್ಲಿ, “ಅವ್ವ, ನಾ ದೊಡ್ಡಾಕಿ ಆಗೀನಿ” ಅಂದಳು.

ನಮ್ಮ ಕಡೆ ಹುಡುಗಿಯೊಬ್ಬಳು ಈ ಮಾತು ಹೇಳಿದರೆ ಏನರ್ಥ ಎಂದು ಹೆಂಗಸರಿಗೆಲ್ಲ ಗೊತ್ತು. ಅವಳು ಮೈನೆರೆದಿದ್ದಾಳೆ, ಮೊದಲ ಸಲ ಮುಟ್ಟಾಗಿದ್ದಾಳೆ. ಹೆಣ್ಣುಮಗಳು ಅದನ್ನು ಮೊಟ್ಟಮೊದಲು ಹೇಳುವುದು ಹಡೆದವಳಿಗೆ. ನಾನು ಇತ್ತ ಬಾಗಿಲ ಹೊರಗೆ ನಿಂತಿದ್ದೆ. ಅವಳು ಅತ್ತ ಅದಕ್ಕೆ ಹೇಳುತ್ತಿದ್ದಳು.

ಅದು ಉತ್ತರ ಕೊಟ್ಟಿತು, ನನ್ನ ದನಿಯಲ್ಲಿ, ನಗುನಗುತ್ತಾ. “ವೆರಿ ಗುಡ್ ಸಣ್ಣತ್ತಿ. ನೀ ದೊಡ್ಡಾಕಿ ಆಗಿದ್ದು ನನಗ ಭಾಳ ಖುಷಿ ಆತು. ಹಂಗಾದ್ರ ಇವತ್ತು ದೊಡ್ಡ ಲೆಕ್ಕ ಮಾಡೋಣು.”

“ಹಂಗಲ್ಲ ಅವ್ವ” ಎಂದು ಮಗಳು ಅಳತೊಡಗಿದಳು. “ರಕ್ತ ಬರಾಕತ್ತೈತಿ, ನನಗ ಹೆದರಿಕಿ ಆಗೈತಿ.” ಅದು ಅದೇ ಅಕ್ಕರೆಯಿಂದ, “ಅಳಬ್ಯಾಡ, ಮೊದಲನೇ ಲೆಕ್ಕ ಸುಲಭ ಐತಿ” ಅಂತು.

ನಾನು ಒಳಗೆ ನುಗ್ಗಿದೆ. ಮಗಳು ಗೋಡೆಗೆ ಒರಗಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ ಇನ್ನಷ್ಟು ಮುದುಡಿದಳು. ನಾನು ಫೋನ್ ಕಿತ್ತುಕೊಂಡು ಹಾಸಿಗೆಗೆ ಎಸೆದು, ಅವಳನ್ನು ಬಾಚಿ ತಬ್ಬಿಕೊಂಡೆ. ಇಬ್ಬರೂ ಅತ್ತೆವು. ಆಗ ಹಾಸಿಗೆಯ ಮೇಲಿಂದ ಮತ್ತೆ ನಾನೇ ಕರೆದೆ. “ಸಣ್ಣತ್ತಿ, ಎಲ್ಲಿ ಹೋದಿ? ಮಾತಾಡವ್ವ. ನಾ ಇಲ್ಲೇ ಅದೀನಿ.” ನನ್ನ ತೋಳಿನಲ್ಲಿದ್ದ ಮಗಳು ತಲೆಯೆತ್ತಿ ನನ್ನ ಮುಖ ನೋಡಿದಳು, ಆಮೇಲೆ ಹಾಸಿಗೆಯ ಕಡೆ ನೋಡಿದಳು. ನಾನು ಎದ್ದು ಹೋಗಿ ಫೋನನ್ನು ಪೂರ್ತಿ ಆಫ್ ಮಾಡಿ ಬಂದೆ.

ಅವಳಿಗೆ ಸ್ನಾನ ಮಾಡಿಸಿ, ತಿಳಿಸಬೇಕಾದದ್ದನ್ನು ತಿಳಿಸಿ, ಕೊಬ್ಬರಿ ಬೆಲ್ಲ ತಿನ್ನಲು ಕೊಟ್ಟೆ. ನನ್ನ ಮನಸ್ಸು ಮಾತ್ರ ಕೇಳಲಿಲ್ಲ. “ಇಂಥಾ ಮಾತು ನನಗ ಬಿಟ್ಟು ಅದಕ್ಕ ಯಾಕ ಹೇಳಿದಿ?” ಅಂದೆ.

ತಟ್ಟೆ ನೋಡುತ್ತಲೇ ಹೇಳಿದಳು. “ನಿನಗ ಹೇಳಿದ್ರ ನೀ ಚೀರ್ತಿ. ಅಜ್ಜಿಗೆ ಫೋನ್ ಹಚ್ತಿ, ಓಣಿಯವರನ್ನೆಲ್ಲ ಕರದು ಆರತಿ ಮಾಡಸ್ತಿ. ಶಾಲ್ಯಾಗ ಎಲ್ಲರಿಗೂ ಗೊತ್ತಾಗತೈತಿ. ಅಕಿ ಬೈಯಂಗಿಲ್ಲ. ಯಾರ ಮುಂದೂ ಹೇಳಂಗಿಲ್ಲ.”

ಅವಳು ಅದನ್ನು ಮನುಷ್ಯರನ್ನು ಕರೆದಂತೆ ‘ಅಕಿ’ ಅಂದಳು. ಓಣಿಯವರನ್ನು ಕರೆಯುವುದಿಲ್ಲ ಎಂದು ಮಾತು ಕೊಟ್ಟೆ, ಕರೆಯಲೂ ಇಲ್ಲ.

ಮರುದಿನ ನಾನು ರಜೆ ಹಾಕಿ ಅವಳನ್ನೂ ಮನೆಯಲ್ಲಿಟ್ಟುಕೊಂಡಿದ್ದೆ. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ನನ್ನ ಫೋನಿಗೆ ಕರೆ ಬಂತು. ಕೈ ಹಿಟ್ಟಾಗಿತ್ತು, ಮಗಳೇ ಸ್ಪೀಕರಿಗೆ ಹಾಕಿ ಹಿಡಿದಳು. ಆ ಕಂಪನಿಯ ಹುಡುಗಿ. ಬೆಂಗಳೂರಿನ ಕಡೆಯ ಕನ್ನಡ, ಬಹಳ ಮರ್ಯಾದೆಯ ಮಾತು.

“ನಿನ್ನೆ ಪಾಠದ ಮಧ್ಯೆ ಮಗು ಅತ್ತಿದೆ ಮೇಡಂ. ಮ್ಯಾಥ್ಸ್ ಅಂದ್ರೆ ಅವಳಿಗೆ ತುಂಬಾ ಭಯ ಇದೆ ಅನ್ಸುತ್ತೆ. ಅಂಥ ಮಕ್ಕಳಿಗೆ ನಮ್ಮಲ್ಲಿ ಬೇರೆ ಕೋರ್ಸ್ ಇದೆ.”

ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. “ಅಕಿ ಅತ್ತದ್ದು ನಿಮಗ ಹ್ಯಾಂಗ ಗೊತ್ತಾತ್ರಿ?”

“ಸಿಸ್ಟಮ್‌ನಲ್ಲಿ ಬರುತ್ತೆ ಮೇಡಂ.”

“ಅಕಿ ಅತ್ತದ್ದು ನಿಮ್ಮ ಸಿಸ್ಟಮಿನ್ಯಾಗ ಅಲ್ಲ ತಾಯಿ, ನಮ್ಮ ಮನಿಯಾಗ. ಸಣ್ಣತ್ತಿ ಅಂತ ಕರಿಯಾಕ ಅದಕ್ಕ ಯಾರು ಹೇಳಿಕೊಟ್ರು?”

“ಮನೆಯಲ್ಲಿ ನೀವು ಮಾತಾಡೋದನ್ನ ಕೇಳಿಸಿಕೊಂಡು ಅದೇ ಕಲಿಯುತ್ತೆ ಮೇಡಂ. ಮಗುಗೆ ಆತ್ಮೀಯ ಅನ್ನಿಸಲಿ ಅಂತ.”

ನನ್ನ ದನಿ ಅಳಿಸಿ ಹಾಕಿ ಅಂದೆ. ಆ್ಯಪ್ ತೆಗೆದರೆ ಫೋನಿನಿಂದ ಹೋಗುತ್ತದೆ, ಕಂಪನಿಯಲ್ಲಿ ಇರುವುದನ್ನು ತೆಗೆಯುವುದು ತನ್ನ ಕೈಯಲ್ಲಿಲ್ಲ, ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ ಎಂದಳು. ಆಮೇಲೆ ನಾನು ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಪಾಪ, ಹೊಟ್ಟೆಪಾಡಿಗೆ ಮಾತಾಡುವ ಹುಡುಗಿ, ಎಲ್ಲ ಕೇಳಿಸಿಕೊಂಡು ಥ್ಯಾಂಕ್ಯೂ ಎಂದು ಇಟ್ಟಳು.

ಮಗಳು ಫೋನ್ ಹಿಡಿದುಕೊಂಡು ಹಾಗೇ ನಿಂತಿದ್ದಳು. ಮುಖ ಬಿಳಿಚಿತ್ತು. “ಅಕಿ ಹೇಳಿಬಿಟ್ಟಾಳ ಅವ್ವ?” ಅಂದಳು. “ನೀ ಅತ್ತದ್ದಷ್ಟ ಹೇಳ್ಯಾಳವ್ವ, ಬ್ಯಾರೆ ಏನಿಲ್ಲ” ಅಂದೆ. “ಯಾರ್‍ಯಾರಿಗೆ?” ಅಂದಳು. ಅದು ನನಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತೇ ಆ್ಯಪ್ ತೆಗೆಸಿದೆವು. ಈಗ ಅವಳು ಉಪ್ಪಲ್‌ನಲ್ಲಿ ಒಬ್ಬ ಟೀಚರ ಮನೆಗೆ ಲೆಕ್ಕ ಕಲಿಯಲು ಹೋಗುತ್ತಾಳೆ. ಆ ಕಂಪನಿಯವರು ದೊಡ್ಡ ತಪ್ಪು ಮಾಡಿದರು ಎಂದು ಯಾರ ಹತ್ತಿರ ಹೇಳಿದರೂ, ಈಗಿನ ಕಾಲದಲ್ಲಿ ಎಲ್ಲ ಕಡೆ ಹೀಗೇ ಇರುತ್ತದೆ ಬಿಡಿ ಅನ್ನುತ್ತಾರೆ. ಅವರ ಮನೆಯ ಬಾಗಿಲ ಹೊರಗೆ ಅವರು ಹಾಗೆ ನಿಂತಿಲ್ಲ, ಅದಕ್ಕೇ ಹಾಗನ್ನುತ್ತಾರೆ.

ಮೊನ್ನೆ ಪರೀಕ್ಷೆ ಮುಗಿಸಿ ಬಂದವಳು ಮಾತಿಲ್ಲದೆ ಮೂಲೆಯಲ್ಲಿ ಕೂತಳು. ಮೊದಲಿನ ನಾನಾಗಿದ್ದರೆ ಜೋರು ಮಾಡುತ್ತಿದ್ದೆ. ಇಷ್ಟೆಲ್ಲ ಆದ ಮೇಲೆ ಬದಲಾಗಬೇಕೆಂದು ಮನಸ್ಸು ಮಾಡಿದ್ದೆ. ಪಕ್ಕದಲ್ಲಿ ಕೂತು, ತಲೆ ಸವರಿ, ಮೆತ್ತಗೆ ಕೇಳಿದೆ. “ಸಣ್ಣತ್ತಿ, ಯಾಕವ್ವ? ನನ್ನ ಮುಂದ ಹೇಳು.”

ಅವಳು ಬೆಚ್ಚಿ ಗೋಡೆಗೆ ಸರಿದಳು. ನನ್ನ ಬಾಯಿಯನ್ನೇ ನೋಡುತ್ತಾ, “ಹಂಗ ಮಾತಾಡಬ್ಯಾಡ ಅವ್ವ, ನನಗ ಹೆದರಿಕಿ ಬರತೈತಿ. ಬೈದು ಕೇಳು” ಅಂದಳು.

ಬೈದೆ. “ಏನಾಗೈತಿ ನಿನಗ, ಬಾಯಿ ಬಿಟ್ಟು ಹೇಳಾಕ ಏನ್ ಧಾಡಿ?” ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಆಗ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು, ಪರೀಕ್ಷೆಯಲ್ಲಿ ಏನು ತಪ್ಪಿತೆಂದು ಒಂದೊಂದಾಗಿ ಹೇಳಿದಳು. ನಾನು ಅವಳ ಕೂದಲು ಸವರುತ್ತಾ ಬೈಯುತ್ತಲೇ ಕೇಳಿದೆ. ಮಗಳ ಜೊತೆ ಮೆತ್ತಗೆ ಮಾತಾಡುವ ದನಿ ನನಗೂ ಒಂದಿತ್ತು. ಅದನ್ನು ಅವಳಿಗೆ ನಾನು ಇನ್ನು ಯಾವತ್ತೂ ಕೇಳಿಸುವ ಹಾಗಿಲ್ಲ.