ಮಗ್ಗವಿಲ್ಲದ ಮನೆಯವಳು

ವೇದಿಕೆಯ ಮೇಲೆ ನಾನು ಹೇಳಿಕೊಂಡು ತಿರುಗುವ ಕಥೆ ನನ್ನದಲ್ಲ — ನಿನ್ನದು. ಕೇಳಿ ಪಡೆದದ್ದಲ್ಲ, ಕದ್ದದ್ದು. ಕದಿಯುವ ಮೊದಲು ಅದನ್ನೇ ಹಿಡಿದುಕೊಂಡು ನಿನ್ನನ್ನು ತಂಡದಿಂದ ಹೊರಗೆ ಹಾಕಿಸಿದವಳೂ ನಾನೇ.

ನಿನ್ನ ಹೆಸರು ಬರೆಯುವುದಿಲ್ಲ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಜನರ ಕಣ್ಣಿಗೆ ನಾನು ಯಾರು? ರಾಜ್ಯಕ್ಕೆ ಚಿನ್ನ ತಂದ ಬ್ಯಾಸ್ಕೆಟ್‌ಬಾಲ್ ಕ್ಯಾಪ್ಟನ್. ಈಗ ಕಾಲೇಜು ಕಾಲೇಜು ಸುತ್ತಿ, ‘ಮನಸ್ಸಿನ ನೋವನ್ನು ಮುಚ್ಚಿಡಬೇಡಿ ಮಕ್ಕಳೇ, ನಂಬಿದವರ ಹತ್ತಿರ ಹೇಳಿಕೊಳ್ಳಿ’ ಎನ್ನುವ ಮೇಡಂ. ಥೂ! ನಂಬಿ ಹೇಳಿಕೊಂಡವಳಿಗೆ ಈ ಮೇಡಂ ಏನು ಮಾಡಿದಳು? ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಈ ಹಲ್ಲಿಗೆ ಮಾತ್ರ ಬಿದ್ದಲ್ಲೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿ.

ನಮ್ಮಿಬ್ಬರದೂ ದೊಡ್ಡಬಳ್ಳಾಪುರ. ನಿಮ್ಮದು ನೇಕಾರರ ಮನೆ. ನಡುಮನೆಯಲ್ಲೇ ನಾಲ್ಕು ಮಗ್ಗ, ಬೆಳಗಿನಿಂದ ಲಟಪಟ ಸದ್ದು. ನಮ್ಮಪ್ಪ ಮೇಷ್ಟ್ರು, ನಮ್ಮ ಮನೆಯಲ್ಲಿ ಗಡಿಯಾರದ ಸದ್ದೂ ಕೇಳಿಸುತ್ತಿತ್ತು. ಆಟದಲ್ಲಿ ನಾನು ನಿನ್ನ ಮುಂದೆ ಏನೇನೂ ಅಲ್ಲ — ಅಂದೇ ಗೊತ್ತಿತ್ತು, ಹೊಟ್ಟೆಕಿಚ್ಚೂ ಇತ್ತು. ಆದರೆ ಫ್ರೀ ಥ್ರೋ ಗೆರೆಯಲ್ಲಿ ನೀನೊಬ್ಬಳೇ ನಿಂತಾಗ, ಸುತ್ತ ಎಲ್ಲರೂ ಉಸಿರು ಬಿಗಿಹಿಡಿದಾಗ, ನಿನ್ನ ಕೈ ನಡುಗುತ್ತಿತ್ತು.

ರಾಜ್ಯ ತಂಡದ ಬೆಂಗಳೂರು ಶಿಬಿರದಲ್ಲಿ ಒಂದು ಮಧ್ಯಾಹ್ನ, ಬಟ್ಟೆ ಬದಲಿಸುವ ಕೋಣೆಯಲ್ಲಿ, ನೀನೇ ಹೇಳಿಕೊಂಡೆ:

“ಅಕ್ಕ, ಎಲ್ರೂ ಸುಮ್ನಾಗ್ಬಿಟ್ರೆ ಎದೆ ಹೊಡ್ಕೊಳ್ಳತ್ತೆ, ಉಸ್ರೇ ಬರಲ್ಲ. ಮನೇಲಿ ಮಗ್ಗ ನಿಂತ್ರೆ ಸಾಕು, ಏನೋ ಕೆಟ್ಟದ್ದಾಯ್ತು ಅನ್ಸುತ್ತೆ. ಅಜ್ಜಿ ಸತ್ತಾಗ ನಿಂತಿತ್ತು, ಅಣ್ಣ ಬಿದ್ದಾಗ ನಿಂತಿತ್ತು… ಯಾರ್ಗೂ ಹೇಳ್ಬೇಡ ಕಣಕ್ಕ.”

“ಹುಚ್ಚಿ, ನಾನಿಲ್ವಾ?” ಎಂದೆ.

ಮರುದಿನದಿಂದ ಅಭ್ಯಾಸದಲ್ಲಿ ನೀನು ಗೆರೆಗೆ ಬಂದಾಗಲೆಲ್ಲ, ನಿನ್ನ ಬೆನ್ನ ಹಿಂದೆ ತುಟಿಗೆ ಬೆರಳಿಟ್ಟು ಹುಡುಗಿಯರಿಗೆ ಸನ್ನೆ ಮಾಡಿದೆ. ಎಲ್ಲರೂ ಗಪ್‌ಚುಪ್. ನಿನ್ನ ಚೆಂಡು ರಿಂಗ್‌ಗೂ ತಾಗುತ್ತಿರಲಿಲ್ಲ. ಒಂದು ವಾರ ಮಜಾ ನೋಡಿದೆ. ಆಮೇಲೆ ಕೋಚ್ ಹತ್ತಿರ ಹೋಗಿ, “ಸರ್, ಅವ್ಳಿಗೆ ತಲೆ ಸರಿ ಇಲ್ಲ. ನಂಬ್ಕೊಂಡು ಫೈನಲ್ ಆಡ್ಸಕ್ಕಾಗಲ್ಲ” ಎಂದೆ. ಅವರು ನಿನ್ನ ಹೆಸರನ್ನು ತಂಡದಿಂದ ತೆಗೆದರು. ನಾನೇ ನಿನ್ನನ್ನು ದೊಡ್ಡಬಳ್ಳಾಪುರದ ರೈಲು ಹತ್ತಿಸಿ, ಬಾಳೆಹಣ್ಣು ಬೇರೆ ಕೊಡಿಸಿದೆ. ನೀನು “ಥ್ಯಾಂಕ್ಸ್ ಅಕ್ಕ” ಎಂದೆ. ಮತ್ತೆ ನೀನು ಚೆಂಡು ಮುಟ್ಟಲಿಲ್ಲವಂತೆ.

ಚಿನ್ನ ಬಂತು. ಕೆಲವು ವರ್ಷಕ್ಕೆ ಮೊಣಕಾಲು ಕೈಕೊಟ್ಟಿತು, ಜನ ಮರೆತರು. ಆಗ ಯಾವುದೋ ಕಾಲೇಜಿನವರು ಆಟಗಾರರ ಮನಸ್ಸಿನ ಬಗ್ಗೆ ಮಾತಾಡಿ ಎಂದು ಕರೆದರು. ಹೇಳಲು ನನ್ನಲ್ಲೇನಿತ್ತು? ಬಾಯಿ ತೆರೆದೆ — ನಿನ್ನ ಮಾತು ಬಂತು. ‘ನಮ್ಮ ಮನೆಯಲ್ಲಿ ಮಗ್ಗ ನಿಂತರೆ ನನಗೆ ಭಯ…’ ಹುಡುಗಿಯರು ಅತ್ತರು. ನಾನೂ ಅತ್ತೆ, ನಾಚಿಕೆಗೆಟ್ಟವಳು. ಅಲ್ಲಿಂದ ಅದೇ ನನ್ನ ಕಸುಬಾಯಿತು.

ಕಳೆದ ತಿಂಗಳು ನಮ್ಮೂರಲ್ಲೇ ಕರೆದರು. ಬಾಯಿಪಾಠದಂತೆ ಅದೇ ಕಥೆ ಹೊರಬಂತು. ನಮ್ಮಪ್ಪನ ಶಿಷ್ಯರೇ ಮುಂದಿನ ಸಾಲಿನಲ್ಲಿದ್ದರು. ಅವರೂ ಚಪ್ಪಾಳೆ ಹೊಡೆದರು. ಹೆಸರು ಮಾಡಿದವರ ಮನೆಯಲ್ಲಿ ಮಗ್ಗ ಇತ್ತೋ ಇಲ್ಲವೋ, ಯಾರಿಗೆ ಬೇಕು!

ಹಿಂದಿನ ಸಾಲಿನಿಂದ ನೀನು ಎದ್ದು ಬಂದೆ, ಮಗಳ ಕೈ ಹಿಡಿದು. ಬೈಯುತ್ತೀಯ ಅಂದುಕೊಂಡೆ — ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಚೆನ್ನಾಗಿ ಹೇಳಿದ್ರಿ ಅಕ್ಕ. ನಂಗೆ ಇಷ್ಟು ಚೆನ್ನಾಗಿ ಹೇಳಕ್ಕೆ ಬರ್ತಿರ್ಲಿಲ್ಲ.”

ನಿನ್ನ ಮಗಳು ನನ್ನ ಜೊತೆ ಸೆಲ್ಫಿ ತೆಗೆದುಕೊಂಡಳು. ನಾನು ನಕ್ಕೆ. ಅಭ್ಯಾಸಬಲ!

ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಅದನ್ನೂ ಒಂದು ಭಾಷಣ ಮಾಡಿಕೊಂಡೇನು. ಮುಂದಿನ ವಾರ ದೇವನಹಳ್ಳಿಯಲ್ಲಿ ನನ್ನ ಮಾತಿದೆ. ಅಲ್ಲಿ ಈ ಕಾಗದವನ್ನೇ ಓದುತ್ತೇನೆ. ನಿನ್ನ ಹೆಸರು ಮಾತ್ರ ಬರುವುದಿಲ್ಲ. ಯಾರಿಗೂ ಹೇಳಬೇಡ ಎಂದಿದ್ದೆಯಲ್ಲ, ಅಷ್ಟನ್ನಾದರೂ ಉಳಿಸಿಕೊಳ್ಳುತ್ತೇನೆ.

‘ನಮ್ಮ ಮನೆಯಲ್ಲಿ ಮಗ್ಗ ಇರಲಿಲ್ಲ’ — ಓದಲು ಶುರುಮಾಡುವ ಮೊದಲು ಇಷ್ಟನ್ನು ಹೇಳುತ್ತೇನೆ. ಚಪ್ಪಾಳೆ ಬರುವುದಿಲ್ಲ. ಎಲ್ಲರೂ ಸುಮ್ಮನಾಗುತ್ತಾರೆ, ನಾನು ಸನ್ನೆ ಮಾಡಿ ನಿನ್ನ ಸುತ್ತ ಎಲ್ಲರನ್ನೂ ಸುಮ್ಮನಾಗಿಸಿದಂತೆಯೇ. ಅದರ ನಡುವೆ ಒಬ್ಬಳೇ ನಿಂತುಕೊಳ್ಳುತ್ತೇನೆ.